ನಾಲ್ಕು ಬೆರಳಿನ ಗೆರೆ

ಸೂರ್ಯನಿಗೆ ಮನುಷ್ಯರ ಮೇಲೆ ಮುನಿಸು ಬಂದು ಅದು ಇಳಿಯದೇ ಹೋದ ಕಾಲದಲ್ಲಿ, ಜನ ಕರಿಕಲ್ಲಿನ ಹೊಟ್ಟೆಯೊಳಗೆ ಇಳಿದು ಒಂದು ಊರು ಕಟ್ಟಿಕೊಂಡರು. ಅದರ ಹೆಸರು ಕೆಳಹಟ್ಟಿ. ಅಲ್ಲಿ ಹಗಲೆಂದರೆ ದೀಪ ಹೊತ್ತಿಕೊಂಡ ಹೊತ್ತು, ರಾತ್ರಿಯೆಂದರೆ ದೀಪ ಆರಿದ ಹೊತ್ತು. ತಲೆಯ ಮೇಲಿನ ಬಂಡೆ ಸದಾ ರೊಟ್ಟಿಯ ಹಂಚಿನ ಹಾಗೆ ಕಾದಿರುತ್ತಿತ್ತು. ಊರ ನಡುವೆ ಹೂತಿಟ್ಟ ಒಂದೇ ಒಂದು ಯಂತ್ರ ತಂಪು ಹೆರುತ್ತಿತ್ತು. ಆ ತಂಪು ಕೊಳವೆಗಳಲ್ಲಿ ಹರಿದು ಓಣಿ ಓಣಿಗೆ ಹೋಗುತ್ತಿತ್ತು. ತಂಪು ನಿಂತ ಓಣಿಯಲ್ಲಿ ಮನುಷ್ಯ ಒಂದು ಅಡುಗೆ ಮುಗಿಯುವಷ್ಟು ಹೊತ್ತು ಬದುಕಿದರೆ ಹೆಚ್ಚು.

ತಂಪು ಎಲ್ಲರಿಗೂ ಸಾಲುತ್ತಿರಲಿಲ್ಲ. ಅದಕ್ಕೇ ಪ್ರತಿ ಓಣಿಯ ಬಾಯಿಯಲ್ಲಿ ಒಂದು ಉಸಿರುಗಣ್ಣು ಕೂರಿಸಿದ್ದರು. ಓಣಿಯಿಂದ ಹೊರಗೆ ಬರುವ ಬಳಸಿದ ಗಾಳಿಯನ್ನು ಮೂಸಿ, ಒಳಗೆ ಎಷ್ಟು ಜನರ ಉಸಿರಿದೆ ಎಂದು ಅದು ಹೇಳುತ್ತಿತ್ತು. ಆ ಸುದ್ದಿ ಕೂದಲೆಳೆಯಂಥ ತಂತಿಯಲ್ಲಿ ತಂಪುಕೋಣೆಗೆ ಬರುತ್ತಿತ್ತು. ಚಿತ್ರ ಹಾಯುವಷ್ಟು ತ್ರಾಣ ಆ ತಂತಿಗಿರಲಿಲ್ಲ. ಅಕ್ಷರಗಳು ಮಾತ್ರ ಹಾಯುತ್ತಿದ್ದವು. ತಂಪುಕೋಣೆಯ ಕರಿ ಪರದೆಯ ಮುಂದೆ ಕುಳಿತು ‘ಗೆರೆ’ ಎಂದು ಟೈಪು ಮಾಡಿ ಎಂಟರ್ ಒತ್ತಿದರೆ ಊರು ಹಸಿರಾಗಿ ಮೂಡುತ್ತಿತ್ತು:

ನೇಕಾರ ಓಣಿ ########################################
ಕಮ್ಮಾರ ಓಣಿ ###########################
ಬಳೆಗಾರ ಓಣಿ ###################
ತೊಟ್ಟಿಲ ಓಣಿ #########

ಇಂಥ ಸಾಲುಗಳು ಇನ್ನೂ ಎಷ್ಟೋ ಇದ್ದವು. ಆ ಚಿಹ್ನೆ ಹಗ್ಗದ ಹೊರಸಿನ ಹೆಣಿಗೆಯ ಹಾಗೆ ಕಾಣುವುದರಿಂದ ಊರವರು ಅದನ್ನು ಹೊರಸು ಎಂದೇ ಕರೆಯುತ್ತಿದ್ದರು. ಒಂದು ಹೊರಸು ಎಂದರೆ ಒಂದು ಜೀವ.

ಗೆರೆ ನೋಡುವ ಕೆಲಸ ಗೊಲ್ಲಾಳಪ್ಪನದು. ಅವನು ಹೊರಸುಗಳನ್ನು ಎಣಿಸುತ್ತಿರಲಿಲ್ಲ. ಬಲಗೈಯ ನಾಲ್ಕು ಬೆರಳು ಜೋಡಿಸಿ ಪರದೆಯ ಮೇಲೆ ಗೆರೆಯ ಬುಡಕ್ಕೆ ಇಡುತ್ತಿದ್ದ. ಬೆರಳಿನಾಚೆ ಒಂದಾದರೂ ಹೊರಸು ಇಣುಕಿದರೆ ‘ಭರ್ತಿ’. ಬೆರಳಿನ ಅಡಿಯಲ್ಲೇ ಗೆರೆ ಮುಗಿದರೆ ‘ಖಾಲಿ’. ಅಷ್ಟು ಕಡಿಮೆ ಜನಕ್ಕಾಗಿ ಒಂದು ಓಣಿಯನ್ನು ತಂಪಾಗಿಡುವುದು ಊರಿಗೆ ಕಟ್ಟುತ್ತಿರಲಿಲ್ಲ. ಖಾಲಿ ಎಂದಾದ ಓಣಿಯಲ್ಲಿ ಗಂಟೆ ಬಾರಿಸುತ್ತಿದ್ದರು. ಇದ್ದವರು ಗಂಟು ಕಟ್ಟಿಕೊಂಡು ಬೇರೆ ಓಣಿಗೆ ಹೋಗುತ್ತಿದ್ದರು. ಆಮೇಲೆ ವಾಲ್ವಿನ ಚಕ್ರ ತಿರುವಿದರೆ ತಂಪೂ ನಿಲ್ಲುತ್ತಿತ್ತು, ಓಣಿಯ ಕಬ್ಬಿಣದ ಬಾಗಿಲೂ ಇಳಿಯುತ್ತಿತ್ತು. ಗೊಲ್ಲಾಳಪ್ಪನ ಕೈಗಿಂತ ಮೊದಲು ಅವನ ಅಪ್ಪನ ಕೈ ಆ ಪರದೆಯ ಮೇಲೆ ಇತ್ತು. ಬೆರಳಿಟ್ಟೂ ಇಟ್ಟೂ ಗಾಜು ಅಲ್ಲಿ ಮಬ್ಬಾಗಿತ್ತು.

ಕಂಪ್ಯೂಟರ್ ನೋಡಿಕೊಳ್ಳುವವಳು ಸುಗಂಧಾ. ಕನಸು ಕಾಣುತ್ತಾ ಕೂರುವ ಹುಡುಗಿ ಎಂದು ಊರೆಲ್ಲ ಹೆಸರಾದವಳು. ‘ಗೆರೆ’ ಎಂಬ ಆ ಹಳೆಯ ಕ್ರಮವಿಧಿ ಅವಳಿಗೆ ಹರಿದ ಸೀರೆಯ ಹಾಗೆ ಕಾಣುತ್ತಿತ್ತು. ದಿನಕ್ಕೊಂದು ಹೊಲಿಗೆ ಹಾಕುತ್ತಿದ್ದಳು. ಒತ್ತಕ್ಷರ, ಕೊಂಬು, ಇಳಿಗಳನ್ನೆಲ್ಲ ಅದು ಬೇರೆ ಬೇರೆ ಅಕ್ಷರವೆಂದು ಎಣಿಸುತ್ತಿದ್ದುದರಿಂದ ಗೆರೆಗಳ ಬುಡ ಒಂದೇ ಸಮ ಇರುತ್ತಿರಲಿಲ್ಲ. ಅದನ್ನು ಸರಿಮಾಡಿದಳು. ಪ್ರತಿ ಸಲ ಟೈಪು ಮಾಡುವ ಕಷ್ಟ ತಪ್ಪಲಿ ಎಂದು ಗೆರೆಗಳು ತಾವೇ ಮತ್ತೆ ಮತ್ತೆ ಮೂಡುವ ಹಾಗೆ ಮಾಡಿದಳು. ಗೊಲ್ಲಾಳಪ್ಪ ಇದೆಲ್ಲ ನೋಡಿ, “ಹೆಣ್ಣಿಗೆ ರಂಗೋಲಿ ಹಾಕಾಕ ನೆಲಾ ಸಿಗದಿದ್ರ ಹಿಂಗ ಆಗತೈತಿ ನೋಡು” ಎಂದು ನಗುತ್ತಿದ್ದ.

ಒಂದು ದಿನ ಊರಿನ ಯಜಮಾನ ರುದ್ರಗೌಡ ತಂಪುಕೋಣೆಗೆ ಬಂದ. ಅವನ ಮಗಳ ಮದುವೆ ದೊಡ್ಡ ಪಡಸಾಲೆಯಲ್ಲಿ ಗೊತ್ತಾಗಿತ್ತು. ಊರಿಗೆ ಊರೇ, ಮುನ್ನೂರು ಜನ ಅಲ್ಲಿ ಕೂಡಲಿದ್ದರು. ಸುರಂಗದಾಚೆಯ ಊರಿನಿಂದ ಬೀಗರೂ ಬರಲಿದ್ದರು.

“ಹ್ವಾದ ಸಲ ಸಭಾ ಸೇರಿದಾಗ ನೋಡಿದ್ದೆ,” ಎಂದ ಗೌಡ. “ಪಡಸಾಲಿ ಗೆರಿ ಪರದೆಯಾಗ ಹಿಡಿಸಲಿಲ್ಲ. ಮುರದು ಮುರದು ಕೆಳಗ ಬಿತ್ತು. ನನ್ನ ಮಗಳ ಲಗ್ನದಾಗ ಆ ಗೆರಿ ಪಡಸಾಲಿ ಗ್ವಾಡಿ ಮ್ಯಾಲೆ ದೊಡ್ಡದಾಗಿ ಬೆಳಗಬೇಕು. ಮುರದ ಗೆರಿ ಮುಂದ ಅಕ್ಷತಿ ಹಾಕ್ತಾರೇನು ಯಾರರ? ಅಪಶಕುನ.”

“ಮುರೀದಂಗ ಮಾಡಬಹುದ್ರಿ,” ಎಂದಳು ಸುಗಂಧಾ. ಅವಳ ಕಣ್ಣು ಹೊಳೆದವು. “ಎಲ್ಲಾಕಿಂತ ಉದ್ದಂದು ಎಷ್ಟರ ಇರಲಿ, ಅದನ್ನ ಪರದೆ ತುಂಬ ಸರಿಯಾಗಿ ಕೂಡಸ್ತೀನಿ. ಉಳಿದದ್ದೆಲ್ಲಾ ಅದರ ಅಳತಿಗೆ ತಕ್ಕಂಗ ಕುಗ್ಗತಾವು.”

“ಅಂದ್ರ?”

“ದೊಡ್ಡವರು ಯಾವತ್ತೂ ಪೂರ್ತಿ ಕಾಣ್ತಾರ್ರಿ. ಸಣ್ಣವರು ಅವರ ಮುಂದ ಎಷ್ಟು ಸಣ್ಣವರೋ ಅಷ್ಟು ಕಾಣ್ತಾರ.”

ಗೌಡ ಹೊಟ್ಟೆ ಕುಣಿಯುವಂತೆ ನಕ್ಕ. “ಅದು ಮೊದಲಿಂದ ಹಂಗ ಐತಲ್ಲಬೇ! ಅದಕ್ಕ ಕಂಪ್ಯೂಟರ್ ಯಾಕ ಬೇಕು?”

ಗೊಲ್ಲಾಳಪ್ಪನಿಗೆ ಒಂದೇ ಚಿಂತೆ. “ಒಂದು ಹೊರಸಿಗೆ ಒಂದು ಜೀವ ಇರತೈತಿಲ್ಲೋ, ತಂಗಿ?”

“ಸಾದಾ ದಿನಾ ಅಷ್ಟ ಇರತೈತಿ, ಮುತ್ಯಾ. ನೇಕಾರ ಓಣಿ ನಲವತ್ತು, ಪರದೆನೂ ನಲವತ್ತು. ಏನೂ ಬದಲಾಗಂಗಿಲ್ಲ.”

“ಹಂಗಾದ್ರ ನನ್ನ ಬೆರಳಿಗೇನು ತ್ರಾಸಿಲ್ಲ, ಬಿಡು.”

ಹೊಸ ‘ಗೆರೆ’ ಓಡಿಸಿ ನೋಡಿದರು. ಎಲ್ಲ ಹಳೆಯ ಹಾಗೇ ಇತ್ತು. ಆ ದಿನ ಪಡಸಾಲೆಯಲ್ಲಿ ಯಾರೂ ಇರಲಿಲ್ಲ.

*

ತೊಟ್ಟಿಲ ಓಣಿ ಪಡಸಾಲೆಯಿಂದ ಊರಿನ ಇನ್ನೊಂದು ತುದಿಗೆ, ತಂಪುಕೋಣೆಯ ಬೆನ್ನಿಗೆ ಇತ್ತು. ಹೆತ್ತ ಹೆಂಗಸರು ನಲವತ್ತು ದಿನ ಅಲ್ಲಿಯೇ ಇರಬೇಕು. ಗಂಡಸರು ಒಳಗೆ ಬರುವಂತಿಲ್ಲ, ಬಾಣಂತಿ ಹೊಸಲು ದಾಟುವಂತಿಲ್ಲ. ಬಾಣಂತಿಯರು, ಅವರ ತಾಯಂದಿರು, ಎಣ್ಣೆ ನೀರು ಹಾಕುವ ಹುಸೇನಬಿ ಆಯಿ ಎಲ್ಲ ಕೂಡಿ ಒಂಬತ್ತು ಹೆಂಗಸರು. ಸುಗಂಧಾಳ ಅಕ್ಕ ಚಂದ್ರವ್ವ ಚೊಚ್ಚಲ ಹೆತ್ತು ಅಲ್ಲಿದ್ದಳು. ತಾಯಿ ಇಲ್ಲದ ಆ ಇಬ್ಬರಿಗೆ ಒಬ್ಬರಿಗೊಬ್ಬರೇ ತವರು.

ಮದುವೆಯ ದಿನ ಬೆಳಿಗ್ಗೆ ಸುಗಂಧಾ ಅಲ್ಲಿಗೆ ಹೋದಾಗ ಹುಸೇನಬಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು.

“ಬಂದ್ಲು ನೋಡು ಗೆರಿ ಗೌಡ್ತಿ,” ಎಂದಳು ಚಂದ್ರವ್ವ. “ಲಗ್ನಕ್ಕ ಹೋಗೂದು ಬಿಟ್ಟು ಇಲ್ಲೇನ ಮಾಡ್ತಿ? ಹೋಗಿ ಎರಡು ಹಪ್ಪಳಾ ಹೆಚ್ಚಿಗಿ ತಿನ್ನು, ಎಲುಬು ಕಾಣಾಕತ್ತಾವು.”

“ನಾ ತಂಪುಕೋಣಿಯಾಗ ಇರಬೇಕಕ್ಕಾ. ಗ್ವಾಡಿ ಮ್ಯಾಲೆ ಬೆಳಗೂದು ನನ್ನ ಗೆರಿ.”

“ನಿನ್ನ ಗೆರಿಯಾಗ ನಾ ಇದೀನೇನು?”

“ಇದ್ದಿಯಲ್ಲಾ. ತೊಟ್ಟಿಲ ಓಣಿ ಸಾಲಿನಾಗ ಕಡೀ ಹೊರಸು ನಿಂದ.”

“ನನ್ನ ಮಗಾ?”

ಸುಗಂಧಾ ಕೂಸಿನ ಮುಷ್ಟಿ ಮುಟ್ಟಿದಳು. “ಕೂಸಿನ ಉಸಿರು ಭಾಳ ಸಣ್ಣದಕ್ಕಾ. ಕಣ್ಣಿಗೆ ಸಿಗಂಗಿಲ್ಲ.”

“ಚಲೋನ ಆತು,” ಎಂದಳು ಹುಸೇನಬಿ, ಕೂಸಿನ ಮೂಗು ತಿದ್ದುತ್ತಾ. “ಸರಕಾರದ ಲೆಕ್ಕಕ್ಕ ಸಿಗದವರಿಗೆ ಯಮನೂ ದಾರಿ ಕೇಳಬೇಕಾಗತೈತಿ.”

ಬಾಗಿಲಾಚೆ ಯಾರೋ ಕೆಮ್ಮಿದರು. ಚಂದ್ರವ್ವನ ಗಂಡ ಭೀಮಾಶಂಕರ ಹೊಸ ರುಮಾಲು ಸುತ್ತಿಕೊಂಡು ಸುರಂಗದಲ್ಲಿ ನಿಂತಿದ್ದ.

“ಒಂದ್ಸಲ ಎತ್ತಿ ತೋರಸ,” ಎಂದು ಕೂಗಿದ.

“ದೃಷ್ಟಿ ಆಗತೈತಿ,” ಎಂದಳು ಚಂದ್ರವ್ವ ಒಳಗಿನಿಂದ. “ಮೊದಲ ಆ ರುಮಾಲು ಸೊಟ್ಟ ಐತಿ, ಸರೀ ಮಾಡ್ಕೋರಿ. ಕೂಸು ಅಪ್ಪನ ಬದ್ಲಿ ಬೆದರುಗೊಂಬಿ ನೋಡಿದಂಗ ಆದೀತು.”

ಎಲ್ಲ ಬಾಣಂತಿಯರೂ ನಕ್ಕರು. “ಅಕ್ಷತಿ ಬಿದ್ದ ಕೂಡ್ಲೆ ಮಾದಲಿ ಕಟಗೊಂಡ ಬರ್ತೀನಿ,” ಎಂದು ಅವನು ಹೊರಟ. ಅವನ ಹೆಜ್ಜೆ ಸದ್ದು ಕರಗುವವರೆಗೂ ಚಂದ್ರವ್ವ ಬಾಗಿಲ ಕಡೆಗೇ ನೋಡುತ್ತಿದ್ದಳು, ಹೊಸಲಿನಿಂದ ಒಂದು ಮೊಳ ಈಚೆಗೆ ನಿಂತು.

*

ತಂಪುಕೋಣೆಗೆ ಬಂದಾಗ ಕೀಬೋರ್ಡು ಅದರ ಜಾಗದಲ್ಲಿ ಇರಲಿಲ್ಲ.

“ಪೂಜಿ ಆಗೇತಿ,” ಎಂದ ಗೊಲ್ಲಾಳಪ್ಪ. ಗೌಡನೇ ಅಯ್ಯನವರನ್ನು ಕಳಿಸಿದ್ದ. ಮದುವೆಗೆ ಗೆರೆ ಬೆಳಗುವ ಆಯುಧ ಅದು ಎಂದು ಕೀಬೋರ್ಡಿಗೆ ಅರಿಸಿನ ಕುಂಕುಮ ಹಚ್ಚಿ, ಹೂವೇರಿಸಿ, ಕೆಂಪು ಬಟ್ಟೆ ಸುತ್ತಿ ಕಬ್ಬಿಣದ ಅಲಮಾರಿನಲ್ಲಿ ಇಟ್ಟು ಬೀಗ ಹಾಕಿದ್ದರು. “ಪೂಜಿ ಮಾಡಿದ ಆಯುಧ ಎತ್ತೂತನಾ ಮುಟ್ಟಬಾರದು. ಅಕ್ಷತಿ ಬಿದ್ದಮ್ಯಾಲೆ ಗೌಡ್ರು ಹೇಳಿ ಕಳಸ್ತಾರ, ಆಗ ತೆಗೀತೀನಿ. ಹೆಂಗೂ ನಿನ್ನ ಗೆರಿ ತಾವ ಬರಕೋತಾವಲ್ಲ.”

ಬೀಗದ ಕೈಗಳ ಗೊಂಚಲು ಅವನ ಉಡಿದಾರದಲ್ಲಿ ತೂಗುತ್ತಿತ್ತು.

ಪಡಸಾಲೆ ತುಂಬತೊಡಗಿತು. ಓಣಿಗಳು ಬರಿದಾದವು. ಮದುವೆಯ ದಿನ ಬರಿದಾದ ಓಣಿಗಳ ತಂಪನ್ನೆಲ್ಲ ಪಡಸಾಲೆಗೆ ತಿರುಗಿಸುವುದು ವಾಡಿಕೆ. ಗೊಲ್ಲಾಳಪ್ಪ ಒಂದೊಂದೇ ಸಾಲಿಗೆ ಬೆರಳಿಟ್ಟು, ‘ಖಾಲಿ’ ಎಂದು, ಗಂಟೆಯ ಗುಂಡಿ ಒತ್ತಿ, ಗೋಡೆಯ ತುಂಬ ಇದ್ದ ಚಕ್ರಗಳಲ್ಲಿ ಅದರದನ್ನು ತಿರುವಿ ಬೀಗ ಹಾಕುತ್ತಾ ಹೋದ. ತೆರೆದ ಚಕ್ರಕ್ಕೆ ಬೀಗವಿಲ್ಲ. ಮುಚ್ಚಿದ ಚಕ್ರಕ್ಕೆ ಮಾತ್ರ ಬೀಗ.

ಸುಗಂಧಾ ನೋಡುತ್ತಿದ್ದುದು ಮೊದಲ ಸಾಲನ್ನು ಮಾತ್ರ. ಪಡಸಾಲೆಯ ಗೆರೆ ಪರದೆಯ ಈ ಅಂಚಿನಿಂದ ಆ ಅಂಚಿಗೆ ಎಲ್ಲೂ ಮುರಿಯದೆ ಹರಿದಿತ್ತು. ಮುನ್ನೂರು ಜನ ಒಂದೇ ಎಳೆಯಲ್ಲಿ ಪೋಣಿಸಿದ ಹಾಗೆ. ಅವಳಿಗೆ ಕಥೆಯೊಳಗಿನ ಏಳು ಮೊಳದ ಜಡೆಯ ರಾಜಕುಮಾರಿ ನೆನಪಾದಳು. ಇಷ್ಟು ಚೆಂದದ್ದನ್ನು ತಾನು ಮಾಡಿದೆನೇ ಎಂದು ಮೈಮರೆತು ಕುಳಿತಳು. ಬೆನ್ನ ಹಿಂದೆ ಚಕ್ರವೊಂದು ಕಿರುಗುಟ್ಟಿದಾಗ ಕಣ್ಣು ಕೆಳಗಿಳಿಯಿತು.

ದೊಡ್ಡ ಪಡಸಾಲೆ ########################################
ನೇಕಾರ ಓಣಿ
ಕಮ್ಮಾರ ಓಣಿ
ಬಳೆಗಾರ ಓಣಿ
ತೊಟ್ಟಿಲ ಓಣಿ #

“ಮುತ್ಯಾ, ಯಾವುದು ಮುಚ್ಚಿದ್ರಿ ಈಗ?”

“ತೊಟ್ಟಿಲ ಓಣಿ. ಒಂದ ಹೊರಸು ಐತಿ ನೋಡು. ಯಾರೋ ಮುದುಕಿ ಉಳದಿರಬೇಕು. ಗಂಟಿ ಕೇಳಿ ಎದ್ದ ಹೋಗಿರ್ತಾಳ.”

“ಅದು ಒಂದಲ್ಲ! ಒಂಬತ್ತು ಮಂದಿ ಅದಾರ! ಇವತ್ತ ಒಂದು ಹೊರಸಂದ್ರ ಏಳೆಂಟು ಜೀವಾ, ಮುತ್ಯಾ. ಪಡಸಾಲಿ ದೊಡ್ಡದಾಗಿದ್ದಕ್ಕ ಉಳಿದದ್ದು ಸಣ್ಣಾಗೇತಿ. ತೆಗೀರಿ ಚಕ್ರಾ! ಅಲ್ಲಿ ನಮ್ಮಕ್ಕ ಅದಾಳ, ಕೂಸು ಐತಿ!”

ಗೊಲ್ಲಾಳಪ್ಪ ಪರದೆಯ ಬಳಿಗೆ ಬಂದು ಮತ್ತೊಮ್ಮೆ ಬೆರಳಿಟ್ಟ. ಆ ಒಂದೇ ಹೊರಸು ಅವನ ಕಿರುಬೆರಳಿನ ಅಡಿಯಲ್ಲೇ ಮುಚ್ಚಿಹೋಯಿತು.

“ಬೆರಳು ಅವ, ಪರದೆ ಅದ,” ಎಂದ. “ಒಂದಿನ ಒಂದು ಜೀವ, ಒಂದಿನ ಎಂಟು ಜೀವ ಅಂದ್ರ ನಾ ಏನ ನಂಬಲಿ? ಅವತ್ತ ನೀನ ಹೇಳಿದಿ, ಏನೂ ಬದಲಾಗಂಗಿಲ್ಲ ಅಂತ.”

“ಸಾದಾ ದಿನಾ ಅಂದಿದ್ದೆ!”

“ಲಗ್ನಂದ್ರ ಸಾದಾ ದಿನಾ ಅಲ್ಲೇನು? ವರ್ಸಾ ಆಗತಾವು. ನಾಲ್ಕು ಬೆರಳು ಭರ್ತಿ ಆಗದ ಬೀಗಾ ತೆಗದ್ರ ನಮ್ಮಪ್ಪ ಎದ್ದ ಬಂದು ಕೈ ಕಡೀತಾನ, ಮಗಳ.”

“ಕೀಬೋರ್ಡರ ಕೊಡ್ರಿ. ಹಳೇ ಗೆರಿ ಹಾಕ್ತೀನಿ. ಒಂಬತ್ತು ಹೊರಸು ಕಾಣ್ತಾವು, ಆಗರ ನಂಬತೀರಿಲ್ಲ?”

“ಗೌಡ್ರನ್ನ ಕೇಳು. ಅವರು ಹ್ಞೂಂ ಅಂದ್ರ ಈಗ ತೆಗೀತೀನಿ.”

ಅವಳು ಫೋನು ತಿರುವಿದಳು. ಆ ಕಡೆ ಸನಾದಿ, ಹಲಗೆ, ನಗು. ಗೌಡ ಮೊದಲ ಎರಡು ಸಲ ಅರ್ಥವೇ ಆಗದವನಂತೆ “ಏನು? ಯಾರು?” ಎಂದ. ಮೂರನೆಯ ಸಲ ಅರ್ಥವಾಯಿತು.

“ಹಳೇದು ಹಾಕಿದ್ರ ಇಲ್ಲಿ ಗೆರಿ ಮುರೀತೈತೇನು?”

“ಮುರೀತೈತ್ರಿ, ಆದ್ರ ಒಂದ ಗಳಿಗಿ…”

“ಬೀಗರು ಇನ್ನೂ ಸುರಂಗದಾಗ ಅದಾರ. ಅವರು ಬಂದು ಗ್ವಾಡಿ ನೋಡೂದು, ಗೆರಿ ಮುರದು ಬೀಳೂದು ಕೂಡಿ ಆಗ್ಬೇಕೇನು? ನನ್ನ ಮಗಳ ತೆಲಿ ಮ್ಯಾಲೆ ಅಕ್ಕಿಕಾಳು ಬೀಳೂತನಾ ಯಾರೂ ಏನೂ ಮುಟ್ಟಬ್ಯಾಡ್ರಿ. ಬಾಣತಿಗಳಿಗೆ ಒಂದೀಟು ಸೆಕಿ ಹೊಸದೇನು? ಬೆಂಕಿ ಕಾಸ್ಕೋತ ಕೂತಿರ್ತಾರ ಅವರು.” ಫೋನು ಸತ್ತಿತು.

ಸುಗಂಧಾ ಗೊಲ್ಲಾಳಪ್ಪನ ಉಡಿದಾರಕ್ಕೆ ಕೈಹಾಕಿದಳು. ಅವನು ಅವಳನ್ನು ಕೂಸನ್ನು ಸರಿಸಿದ ಹಾಗೆ ಒಂದೇ ಕೈಯಲ್ಲಿ ಸರಿಸಿ, “ಹುಚ್ಚಿ” ಎಂದು, ಪರದೆಯ ಮುಂದೆ ಹೋಗಿ ಕುಳಿತ. ಅವನ ಬೆನ್ನು ಚಕ್ರಗಳ ಗೋಡೆಗಿತ್ತು.

ಬೀಗವಿಲ್ಲದ ಚಕ್ರ ಗೋಡೆಯಲ್ಲಿ ಒಂದೇ ಉಳಿದಿತ್ತು. ದೊಡ್ಡ ಪಡಸಾಲೆಯದು. ಪಡಸಾಲೆಗೆ ಇಳಿಯುವ ಬಾಗಿಲಿರಲಿಲ್ಲ.

ಅವಳಿಗೆ ತನ್ನ ಕೈಯಾರೆ ಬರೆದ ಲೆಕ್ಕ ಕಣ್ಣ ಮುಂದೆ ನಿಂತಿತು. ಸಣ್ಣ ಗೆರೆ ಬೆಳೆಯಬೇಕಾದರೆ ದಾರಿ ಒಂದೇ: ಉದ್ದದ ಗೆರೆ ಕುಗ್ಗಬೇಕು. ಪಡಸಾಲೆಗೆ ತಂಪು ಕಡಿಮೆಯಾದರೆ ಜನ ಸೆಕೆ ತಾಳದೆ ಎದ್ದು ಹೊರಗೆ ಬರುತ್ತಾರೆ. ಪಡಸಾಲೆ ಬರಿದಾದಷ್ಟೂ ತೊಟ್ಟಿಲ ಓಣಿ ಬೆಳೆಯುತ್ತದೆ. ಬೈಯುತ್ತಾರೆ, ಅಷ್ಟೇ. ಅವಳು ಚಕ್ರವನ್ನು ಸದ್ದಾಗದಂತೆ ಅರ್ಧ ತಿರುವಿದಳು.

ಆದರೆ ಅಕ್ಷತೆ ಬೀಳುವ ಮೊದಲು ಮದುವೆಯಿಂದ ಯಾರು ಏಳುತ್ತಾರೆ? ಮುನ್ನೂರು ಜನ ಸೆರಗಿನಿಂದ, ರುಮಾಲಿನಿಂದ ಗಾಳಿ ಹಾಕಿಕೊಳ್ಳುತ್ತಾ ಕುಳಿತೇ ಇದ್ದರು. ಕುಳಿತಲ್ಲೇ ಏದುಸಿರು ಬಿಟ್ಟರು. ಬಳಸಿದ ಗಾಳಿ ಎರಡು ಪಟ್ಟಾಯಿತು, ಮೂರು ಪಟ್ಟಾಯಿತು. ಉಸಿರುಗಣ್ಣಿಗೆ ಏದುಸಿರು ಗೊತ್ತಿಲ್ಲ. ಜನ ಹೆಚ್ಚಾದರು ಎಂದಷ್ಟೇ ಅದು ತಿಳಿಯಿತು. ಪಡಸಾಲೆಯ ಗೆರೆ ಮೊದಲೇ ಭರ್ತಿಯಾಗಿತ್ತು, ಅಲ್ಲೇನೂ ಬದಲಾಗಲಿಲ್ಲ. ಕೆಳಗೆ ತೊಟ್ಟಿಲ ಓಣಿಯ ಮುಂದೆ ಇದ್ದ ಒಂದೇ ಒಂದು ಹೊರಸು ಆರಿಹೋಯಿತು.

ಫೋನು ಗಣಗುಟ್ಟಿತು. ಗೊಲ್ಲಾಳಪ್ಪ ಎತ್ತಿದ. “ಸೆಕಿ ಆಗತೈತೇನ್ರಿ? ಇಲ್ಲಿ ಗೆರಿ ಭರ್ತಿ ಐತಲ್ಲ… ಮಂದಿ ಭಾಳ ಆಗ್ಯಾರ, ಅದಕ್ಕ ಸೆಕಿ. ಲಗ್ನಂದಮ್ಯಾಲೆ ಬೆವರಬೇಕ್ರೆಪಾ!” ಎಂದು ನಕ್ಕು ಇಟ್ಟ.

ಚಕ್ರವನ್ನು ಹಿಂದಕ್ಕೆ ತಿರುವಬಹುದಿತ್ತು. ಸುಗಂಧಾ ಗೋಡೆಗೆ ಒರಗಿ, ಕೈ ಬೆನ್ನ ಹಿಂದೆ ಇಟ್ಟುಕೊಂಡು, ಬರಿದಾದ ಆ ಸಾಲನ್ನು ನೋಡಿದಳು. ಅಲ್ಲಿ ಈಗ ಅಕ್ಕ ಕೂಸನ್ನು ಎಲ್ಲಿ ಮಲಗಿಸಿರಬಹುದು, ಕಲ್ಲಿಗೋ, ತೊಡೆಗೋ? ಅವಳು ಚಕ್ರವನ್ನು ಕೊನೆಯವರೆಗೂ ತಿರುವಿದಳು.

ಆಮೇಲೆ ಪಡಸಾಲೆಯವರು ಎದ್ದರು. ಅದು ಅವಳಿಗೆ ಕಂಡದ್ದು ತೊಟ್ಟಿಲ ಓಣಿಯ ಸಾಲಿನಲ್ಲಿ: ಒಂದು ಹೊರಸು ಮೂಡಿತು. ಪಕ್ಕದಲ್ಲಿ ಇನ್ನೊಂದು. ಮೂರು. ಐದು. ಬಳ್ಳಿ ಕುಡಿ ಚಾಚಿದ ಹಾಗೆ ಗೆರೆ ಬೆಳೆಯುತ್ತಿತ್ತು, ಅವಳ ಎದೆಯಲ್ಲಿ ಹಬ್ಬವಾಗುತ್ತಿತ್ತು. ಪಡಸಾಲೆಯ ಗೆರೆ ಮಾತ್ರ ಮೊದಲಿನಷ್ಟೇ ಉದ್ದವಾಗಿ, ಅಖಂಡವಾಗಿ ಹೊಳೆಯುತ್ತಲೇ ಇತ್ತು. ಒಳಗೆ ನೂರು ಜನ ಉಳಿದರೂ ಅಷ್ಟೇ, ನಲವತ್ತು ಜನ ಉಳಿದರೂ ಅಷ್ಟೇ.

ಗೊಲ್ಲಾಳಪ್ಪ ಬೆರಳಿಟ್ಟ. ಬೆರಳಿನಾಚೆ ಒಂದು ಹೊರಸು ಇಣುಕಿತು.

“ಅರೇ! ಭರ್ತಿ ಆತಲ್ಲಬೇ ನಿಮ್ಮಕ್ಕನ ಓಣಿ,” ಎಂದು ಅವನು ನಿಜವಾದ ಸಂತೋಷದಿಂದ ಎದ್ದು ಬೀಗ ತೆಗೆದ. ಅವನು ಆ ಚಕ್ರ ತಿರುವುತ್ತಿದ್ದಾಗ ಅವಳು ಪಡಸಾಲೆಯ ಚಕ್ರವನ್ನು ಪೂರ್ತಿ ತೆರೆದಳು. ಬಾಗಿಲ ಕಡೆಗೆ ಓಡುತ್ತಾ ತಿರುಗಿ ಕೂಗಿದಳು: “ಎಲ್ಲಾ ಓಣಿ ತೆಗೀರಿ ಮುತ್ಯಾ! ಮಂದಿ ಪಡಸಾಲಿ ಬಿಟ್ಟು ತಂತಮ್ಮ ಓಣಿಗೆ ಹೊಂಟಾರ!”

“ಎಲ್ಲಿ ಹೊಂಟಾರ?” ಎಂದ ಗೊಲ್ಲಾಳಪ್ಪ, ಪರದೆಯನ್ನು ತೋರಿಸುತ್ತಾ. “ಓಣಿಯಾಗ ಒಂದೂ ಹೊರಸಿಲ್ಲ. ಒಳಗ ಯಾರೂ ಇಲ್ಲದ ಓಣಿ ಬಾಗಲಾ ಯಾರಿಗಂತ ತೆಗೀಲಿ?”

ಅವರು ಬಾಗಿಲುಗಳ ಹೊರಗಿದ್ದರು. ಪಡಸಾಲೆಗೂ ಓಣಿಗಳಿಗೂ ನಡುವಿನ ಸುರಂಗದಲ್ಲಿ, ಇಳಿದ ಕಬ್ಬಿಣವನ್ನು ಗುದ್ದುತ್ತಾ, ಒಬ್ಬರ ಮೇಲೊಬ್ಬರು. ಸುರಂಗಕ್ಕೆ ತನ್ನದೆಂಬ ತಂಪಿರಲಿಲ್ಲ, ತೆರೆದ ಓಣಿಗಳಿಂದ ಸೋರಿದ್ದೇ ಅದಕ್ಕೆ ತಂಪು. ಸುರಂಗಕ್ಕೆ ಉಸಿರುಗಣ್ಣೂ ಇರಲಿಲ್ಲ. ಅಲ್ಲಿ ನಿಂತವರಿಗೆ ಪರದೆಯಲ್ಲಿ ಸಾಲೇ ಇರಲಿಲ್ಲ.

*

ತೊಟ್ಟಿಲ ಓಣಿಯ ಬಾಗಿಲು ಅರ್ಧ ಎದ್ದಿತ್ತು. ಅದರ ಹೊರಗೆ, ಕಬ್ಬಿಣಕ್ಕೆ ಕೆನ್ನೆ ಹಚ್ಚಿ, ಭೀಮಾಶಂಕರ ಕುಳಿತಿದ್ದ. ಎಲ್ಲರಿಗಿಂತ ಮೊದಲು, ಅಕ್ಷತೆಗೆ ಕಾಯದೆ ಎದ್ದು ಬಂದವನು ಅವನೊಬ್ಬನೇ ಇರಬೇಕು. ಬಾಗಿಲು ಮೇಲೆದ್ದಂತೆ ಅವನು ಪಕ್ಕಕ್ಕೆ ಹೊರಳಿದ. ಸುಗಂಧಾ ಅವನ ಭುಜ ಅಲುಗಿಸಿದಳು. ಕೊರಳಿನ ಹತ್ತಿರ ಕಿವಿ ಇಟ್ಟಳು. ಆಮೇಲೆ ಅವನ ಕಾಲು ಹಿಡಿದು ಗೋಡೆಯ ಮರೆಗೆ ಎಳೆದು, ಬಾಗಿಲ ಕೆಳಗೆ ನುಸುಳಿದಳು.

ಒಳಗೆ ಕುಲುಮೆಯ ಉಸಿರು. ಬಚ್ಚಲ ಕಲ್ಲಿನ ತೊಟ್ಟಿಯಲ್ಲಿ ಚಂದ್ರವ್ವ ನೆನೆದ ಸೀರೆಯಲ್ಲಿ ಮುದುಡಿದ್ದಳು, ಎದೆಗೆ ಕೂಸು. ಕೂಸು ಸಣ್ಣಗೆ ಅಳುತ್ತಿತ್ತು. ಬಾಣಂತಿಯರಿಗೆಂದು ಇಟ್ಟಿದ್ದ ನೀರನ್ನೆಲ್ಲ ಅವರ ಮೇಲೆ, ಪಕ್ಕದವರ ಮೇಲೆ ಸುರಿದು ಸುರಿದು, ಬರಿದಾದ ಹಂಡೆಗೆ ಒರಗಿ ಹುಸೇನಬಿ ಕುಳಿತಿದ್ದಳು. ಅವಳ ಕೈಯಲ್ಲಿ ಚೊಂಬು ಇನ್ನೂ ಇತ್ತು. ಅವಳು ಎಂದಿಗೂ ಏಳುವವಳಲ್ಲ. ಆಚೆ ಮೂಲೆಯಲ್ಲಿ ಕಮ್ಮಾರರ ಬಾಣಂತಿ ಮತ್ತು ಅವಳ ತಾಯಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಮಲಗಿದ್ದರು. ನಡುವೆ ಅವರ ಕೂಸು, ಗೆರೆಗೆ ಎಂದೂ ಬರದ ಕೂಸು. ಉಳಿದವರು ಗೋಡೆಯ ಉದ್ದಕ್ಕೂ ಬಾಯಿ ತೆರೆದು ಹೊಸ ತಂಪನ್ನು ನೀರಿನಂತೆ ಕುಡಿಯುತ್ತಿದ್ದರು.

“ಗಂಟಿ ಕೇಳಿಸ್ತು,” ಎಂದಳು ಚಂದ್ರವ್ವ. ಅವಳ ನಾಲಗೆ ಒಣಗಿ ದಪ್ಪವಾಗಿತ್ತು. “ಲಗ್ನದ ಗಂಟಿ ಅಂತ ಹುಸೇನಬಿ ಆಯಿ ಕೂಸಿಗೆ ಚಪ್ಪಾಳಿ ಹೊಡಸಿದ್ಲು. ನಾವು ನಕ್ಕೋತ ಕೂತಿದ್ವಿ… ಆಮ್ಯಾಲೆ ಬಾಗಲಾ ಇಳೀತು.”

“ಈಗ ತೆಗದೇತಕ್ಕಾ.”

“ಯಾರೋ ಹೊರಗಿಂದ ಬಡದ್ರು. ಭಾಳ ಹೊತ್ತು ಬಡದ್ರು. ಅವರ ಇರಬೇಕು, ಸುಗಂಧಾ. ಎಲ್ಲಿ ಅದಾರ? ಕರಿ.” ಚಂದ್ರವ್ವ ತೊಟ್ಟಿಯ ಅಂಚು ಹಿಡಿದು ಎದ್ದು, ತೂರಾಡುತ್ತಾ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು.

ಸುಗಂಧಾ ಹೊಸಲಿನ ಮೇಲೆ ಹೋಗಿ ಎರಡೂ ಕೈ ಚಾಚಿ ನಿಂತಳು.

“ಹೊಸಲು ದಾಟಬ್ಯಾಡಕ್ಕಾ. ನಲವತ್ತು ದಿನಾ ಆಗಿಲ್ಲ.”

“ಈಗ ಅದನ್ನ ಹೇಳ್ತಿಯೇನ, ಹುಚ್ಚಿ? ಸರಿ!”

“ಕೂಸಿಗೆ ಚಲೋದಲ್ಲ. ಹುಸೇನಬಿ ಆಯಿ ಇದ್ದಿದ್ರ ಬಿಡ್ತಿದ್ಲೇನು?” ಅವಳ ದನಿ ಎಲ್ಲೂ ನಡುಗಲಿಲ್ಲ. “ಮಾವ ಪಂಕ್ತಿಯಾಗ ಕೂತಾನ. ಮಾದಲಿ ಬಡಸಾಕತ್ತಾರ. ಉಂಡು ಬರ್ತಾನ.”

ಚಂದ್ರವ್ವ ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹಿಂದಕ್ಕೆ ಹೋಗಿ ಕೂಸಿಗೆ ಮೊಲೆ ಕೊಟ್ಟಳು.

*

ಸುರಂಗದಿಂದ ಹೆಣಗಳನ್ನು ಎತ್ತುವ ಕೆಲಸ ದೀಪ ಆರಿದ ಮೇಲೂ ನಡೆದಿತ್ತು. ಗೌಡ ತಾನೇ ತಂಪುಕೋಣೆಗೆ ಫೋನು ಮಾಡಿ ಅರಚಿದ ಮೇಲೆ ಗೊಲ್ಲಾಳಪ್ಪ ಓಣಿಗಳ ಬೀಗ ತೆಗೆದಿದ್ದ. ಯಜಮಾನನ ಮಾತು ಬೆರಳಿಗಿಂತ ದೊಡ್ಡದು. ಗೌಡನ ಮಗಳು ನೇಕಾರ ಓಣಿಯ ಬಾಗಿಲಿಗೆ ಒರಗಿದವಳು ಒರಗಿದ ಹಾಗೇ ಇದ್ದಳು, ಬಾಸಿಂಗ ಕಟ್ಟಿಕೊಂಡು. ಬೀಗರು ಅರ್ಧ ದಾರಿಯಿಂದಲೇ ತಮ್ಮ ಊರಿಗೆ ತಿರುಗಿಹೋಗಿದ್ದರು. ಮುಹೂರ್ತ ಮೀರಿದ್ದಕ್ಕೆ ಹೀಗಾಯಿತು ಎಂದು ಕೆಲವರೆಂದರು. ಯಂತ್ರ ಮುದಿಯಾಯಿತು ಎಂದು ಕೆಲವರು.

ದೀಪ ಹೊತ್ತಿದ ಮೇಲೆ ಸುಗಂಧಾ ತಂಪುಕೋಣೆಗೆ ಬಂದಳು. ಗೊಲ್ಲಾಳಪ್ಪ ಒಬ್ಬ ಮೊಮ್ಮಗನನ್ನು ಕಳೆದುಕೊಂಡಿದ್ದ. ಕಣ್ಣು ಕೆಂಪಾಗಿದ್ದವು. ಆದರೂ ಬಂದು ಕುಳಿತು ಬೆರಳಿಡುತ್ತಿದ್ದ. ಪರದೆಯಲ್ಲಿ ಊರು ಹಸಿರಾಗಿ ಮೂಡಿತ್ತು:

ನೇಕಾರ ಓಣಿ ########################################
ಕಮ್ಮಾರ ಓಣಿ ###########################
ಬಳೆಗಾರ ಓಣಿ ###################
ತೊಟ್ಟಿಲ ಓಣಿ #########

ಸಾವು ಎಲ್ಲ ಓಣಿಗಳನ್ನೂ ಒಂದೇ ಸಮನಾಗಿ ಕೊಯ್ದಿತ್ತು. ಮೂವರಲ್ಲಿ ಒಬ್ಬರು ಹೋಗಿದ್ದರು, ನೇಕಾರರಲ್ಲೂ, ಕಮ್ಮಾರರಲ್ಲೂ, ತೊಟ್ಟಿಲ ಓಣಿಯಲ್ಲೂ. ಎಲ್ಲರೂ ಒಂದೇ ಪಾಲಿನಲ್ಲಿ ಕುಗ್ಗಿದಾಗ ಯಾರೂ ಕುಗ್ಗಿದಂತೆ ಕಾಣುವುದಿಲ್ಲ.

ಫೋನು ಗಣಗುಟ್ಟಿತು. ಗೊಲ್ಲಾಳಪ್ಪ ಅದನ್ನು ಕಿವಿಯಿಂದ ದೂರ ಹಿಡಿದುಕೊಂಡ. ಗೌಡನ ಒಡೆದ ದನಿ ಸುಗಂಧಾಳಿಗೂ ಕೇಳಿಸಿತು.

“ಎಷ್ಟು ಮಂದಿ ಹ್ವಾದ್ರೋ, ಗೊಲ್ಲಾಳಪ್ಪಾ? ಸರಕಾರದವರು ಕೇಳಾಕತ್ತಾರ.”

ಗೊಲ್ಲಾಳಪ್ಪ ಒಂದೊಂದು ಸಾಲಿಗೂ ಮತ್ತೆ ಬೆರಳಿಟ್ಟ. ತನ್ನ ಮೊಮ್ಮಗನ ಓಣಿಯ ಸಾಲಿಗೆ ಎರಡು ಸಲ ಇಟ್ಟ.

“ಗೆರಿ ನೋಡಿದ್ರ ಯಾರೂ ಹೋಗಿಲ್ರಿ, ಗೌಡ್ರ. ಎಲ್ಲಾ ಮೊನ್ನಿ ಹಂಗ ಅದಾವು.”

“ಹೌದಾ?” ಎಂದಿತು ಆ ಕಡೆಯ ದನಿ. ಕೇಳುವುದಕ್ಕಿಂತ ಬೇಡುವ ಹಾಗೆ. “ಹಂಗಾದ್ರ ಹಂಗ ಬರದ ಕಳಸು.”

ಗೊಲ್ಲಾಳಪ್ಪ ಅಲಮಾರಿನ ಬೀಗ ತೆಗೆದು, ಕೆಂಪು ಬಟ್ಟೆ ಬಿಚ್ಚಿ, ಕೀಬೋರ್ಡನ್ನು ಅವಳ ಮುಂದಿಟ್ಟ. ಕೀಲಿಗಳ ನಡುವೆ ಅರಿಸಿನ ಕಟ್ಟಿಕೊಂಡಿತ್ತು.

“ತೊಗೋ. ಹಳೇ ಗೆರಿ ಹಾಕ್ತೀನಿ ಅಂತ ನಿನ್ನಿ ಜೀವಾ ತಿಂದಿ. ಹಾಕು. ಒಂದು ಹೊರಸಿಗೆ ಒಂದು ಜೀವಾ, ನನಗೂ ಅದ ಚಲೋ.”

ಸುಗಂಧಾ ಕೀಲಿಗಳ ಮೇಲೆ ಕೈಯಿಟ್ಟಳು. ಹಳೆಯ ಗೆರೆ ಸುಳ್ಳು ಹೇಳುವುದಿಲ್ಲ. ತೊಟ್ಟಿಲ ಓಣಿಯಲ್ಲಿ ಈಗ ಇದ್ದವರು ಆರು. ಆರು ಹೊರಸು ಎಂದರೆ ಈ ಮುದುಕನ ಮೂರು ಬೆರಳು. ಅವನು ಗಂಟೆ ಬಾರಿಸುತ್ತಾನೆ. ಬೇರೆ ಓಣಿಗೆ ಹೋಗಲು ಅಕ್ಕ ಕೂಸನ್ನು ಎತ್ತಿಕೊಂಡು ಹೊಸಲು ದಾಟುತ್ತಾಳೆ, ಸುರಂಗಕ್ಕೆ ಬರುತ್ತಾಳೆ, ಎಲ್ಲವನ್ನೂ ನೋಡುತ್ತಾಳೆ. ಆಮೇಲೆ ತಂಗಿಯ ಮುಖ ನೋಡುತ್ತಾಳೆ.

ಅವಳು ಸೆರಗಿನ ತುದಿಯಿಂದ ಕೀಲಿಗಳ ಅರಿಸಿನವನ್ನು ಒಂದೊಂದಾಗಿ ಒರೆಸಿದಳು.

“ಬ್ಯಾಡ, ಮುತ್ಯಾ,” ಎಂದಳು. “ಹೊಸಾದ ಇರಲಿ. ಚಲೋ ಕಾಣಾಕತ್ತೇತಿ.”

ಗೊಲ್ಲಾಳಪ್ಪ ತಲೆಯಾಡಿಸಿ, ಕೊನೆಯ ಸಾಲಿನ ಬುಡಕ್ಕೆ ನಾಲ್ಕು ಬೆರಳು ಜೋಡಿಸಿಟ್ಟ. ಆಚೆ ಒಂದು ಹೊರಸು ಇಣುಕುತ್ತಿತ್ತು.

“ಭರ್ತಿ,” ಎಂದ.